ಮದುವೆಗೆ ಪುರೋಹಿತರನ್ನು ಗೊತ್ತು ಮಾಡುವ ಮುಂಚೆ

ಮದುವೆ ನಿಶ್ಚಯವಾದ ವಾರದೊಳಗೆ ಛತ್ರ ಹುಡುಕಲು ಹೊರಡುತ್ತೇವೆ. ಅಡುಗೆಯವರ ಕೈರುಚಿ ನೋಡುವುದಕ್ಕೆ ಬೇರೆಯವರ ಮದುವೆಯಲ್ಲಿ ಊಟ ಮಾಡಿ ಬರುತ್ತೇವೆ. ಫೋಟೊದವರ ಹಳೆಯ ಆಲ್ಬಂಗಳನ್ನೆಲ್ಲ ತಿರುವಿ ಹಾಕುತ್ತೇವೆ. ಪುರೋಹಿತರ ವಿಷಯ ಬಂದಾಗ ಮಾತ್ರ 'ಛತ್ರದವರೇ ಯಾರನ್ನೋ ಕಳಿಸ್ತಾರಂತೆ' ಅಂತ ಸುಮ್ಮನಾಗಿಬಿಡುತ್ತೇವೆ. ಆದರೆ ಮದುವೆ ಮಾಡಿಸುವವರು ಅವರೇ ಅಲ್ವಾ? ಸಾರಿಗೆ ಉಪ್ಪು ಜಾಸ್ತಿಯಾದರೆ ಸಂಜೆಗೆ ಮರೆತುಹೋಗುತ್ತದೆ. ಧಾರೆಯ ಹೊತ್ತಿನಲ್ಲಿ ಆದ ಗಡಿಬಿಡಿಯನ್ನು ಮನೆಯವರು ವರ್ಷಗಟ್ಟಲೆ ನೆನೆಸಿಕೊಂಡು ನೊಂದುಕೊಳ್ಳುತ್ತಾರೆ.

ಕರ್ನಾಟಕದ ಮನೆಗಳಲ್ಲಿ ಈ ಕೆಲಸ ಹೇಗೆ ಮಾಡಬಹುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಹೆಚ್ಚಿನ ಮಾತು ಹಿಂದೂ ಮದುವೆಗಳದ್ದು. ಬೇರೆ ಪದ್ಧತಿಗಳ ವಿಷಯವೂ ಅಲ್ಲಲ್ಲಿ ಬರುತ್ತದೆ.

1. ಮೊದಲು ಪದ್ಧತಿ ತೀರ್ಮಾನವಾಗಲಿ

ಪುರೋಹಿತರ ನಂಬರ್ ಹುಡುಕುವ ಮೊದಲು ಎರಡೂ ಮನೆಯವರು ಕೂತು ಒಂದು ಮಾತು ಇತ್ಯರ್ಥ ಮಾಡಿಕೊಳ್ಳಿ. ಮದುವೆ ಯಾರ ಪದ್ಧತಿಯಲ್ಲಿ?

ಬ್ರಾಹ್ಮಣರಲ್ಲೇ ಸ್ಮಾರ್ತ, ಮಾಧ್ವ, ಶ್ರೀವೈಷ್ಣವ ಅಂತ ಬೇರೆ ಬೇರೆ ಕ್ರಮವಿದೆ. ಋಗ್ವೇದದ ಮನೆಯವರು ಆಶ್ವಲಾಯನ ಸೂತ್ರ (ಮನೆಯ ಶಾಸ್ತ್ರಗಳ ಕ್ರಮ ಹೇಳುವ ಗ್ರಂಥ) ಹಿಡಿದರೆ ಯಜುರ್ವೇದದವರು ಆಪಸ್ತಂಬ ಅಥವಾ ಬೋಧಾಯನ ಹಿಡಿಯುತ್ತಾರೆ. ಮಂತ್ರಗಳು ಬೇರೆ, ಕೆಲವು ಶಾಸ್ತ್ರಗಳ ಹಿಂದುಮುಂದೂ ಬೇರೆ. ಸಾಮಾನ್ಯವಾಗಿ ವಿವಾಹ ಹೋಮ ಹುಡುಗನ ಮನೆಯ ಸೂತ್ರದಂತೆ ನಡೆಯುತ್ತದೆ. ಎರಡೂ ಕಡೆಯಿಂದ ಪುರೋಹಿತರು ಬರುವುದಾದರೆ ಮುಖ್ಯವಾಗಿ ನಡೆಸುವವರು ಯಾರು ಅಂತ ಮೊದಲೇ ಹೇಳಿಬಿಡಿ. ಮಂಟಪದಲ್ಲಿ ಇಬ್ಬರು ಹಿರಿಯರು 'ನಮ್ಮಲ್ಲಿ ಹೀಗಿಲ್ಲ' ಅಂತ ವಾದಕ್ಕೆ ನಿಂತರೆ ಮಣೆ ಮೇಲೆ ಕೂತ ಹುಡುಗಿಗೆ ಎಷ್ಟು ಮುಜುಗರ ಅಂತ ಯೋಚಿಸಿ.

ವೀರಶೈವ ಲಿಂಗಾಯತರ ಮನೆಗಳಲ್ಲಿ ಅಯ್ಯನವರು ಬಂದು ಪಂಚಕಳಶ ಇಟ್ಟು ಮದುವೆ ನಡೆಸುವುದು ರೂಢಿ. ವಚನಗಳನ್ನು ಹೇಳಿ, ಗುರುಗಳ ಎದುರು ಸರಳವಾಗಿ ಮದುವೆ ಮಾಡಿಕೊಳ್ಳುವವರೂ ಇದ್ದಾರೆ. ಎರಡಕ್ಕೂ ಒಬ್ಬರೇ ಹೊಂದುತ್ತಾರೆ ಅಂತ ಅಂದುಕೊಳ್ಳಬೇಡಿ. ಯಾವುದು ಬೇಕು ಅಂತ ಬಾಯಿಬಿಟ್ಟು ಹೇಳಿ.

ಕೊಡವರ ಸಾಂಪ್ರದಾಯಿಕ ಮದುವೆಯಲ್ಲಿ ಪುರೋಹಿತರೇ ಇಲ್ಲ. ದೀಪದ ಮುಂದೆ ಕೂತ ವಧುವರರಿಗೆ ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಎರಡೂ ಒಕ್ಕದ, ಅಂದರೆ ಮನೆತನದ, ಪರವಾಗಿ ಮಾತಾಡುವ ಅರುವರು ಸಂಬಂಧ ಕೊಡುವ ಶಾಸ್ತ್ರ ನಡೆಸುತ್ತಾರೆ. ಹಾಗಾಗಿ ಅಲ್ಲಿ ಆರಿಸಬೇಕಾದ್ದು ಅರುವನನ್ನು. ಆ ಹಳೆಯ ಮಾತುಗಳನ್ನು ತಡವರಿಸದೆ ಹೇಳಬಲ್ಲವರು ಒಕ್ಕದಲ್ಲಿ ಯಾರು ಅಂತ ಹಿರಿಯರನ್ನು ಕೇಳಿ. ಅಂಥವರ ಸಂಖ್ಯೆ ಕಡಿಮೆಯಾಗುತ್ತಿದೆ. ಒಬ್ಬ ಹುಡುಗನನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ಕಲಿಸಿದರೆ ಇನ್ನೂ ಒಳ್ಳೆಯದು.

ಪುರೋಹಿತರಿಲ್ಲದ ಇನ್ನೊಂದು ದಾರಿ ಕುವೆಂಪು ತೋರಿಸಿದ ಮಂತ್ರಮಾಂಗಲ್ಯ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಅವರು ಹೀಗೇ ಮಾಡಿಸಿದರು. ಒಬ್ಬರು ಮಂತ್ರ ಮತ್ತು ಪ್ರತಿಜ್ಞೆಗಳನ್ನು ಓದುತ್ತಾರೆ, ವಧುವರರು ಒಪ್ಪಿ ಹೇಳುತ್ತಾರೆ. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಇದನ್ನು ನಡೆಸಿಕೊಡಲು ಊರಿನ ಮೇಷ್ಟ್ರನ್ನೋ, ಮನೆಗೆ ಬೇಕಾದ ಹಿರಿಯರನ್ನೋ ಕೇಳಬಹುದು. ಓದುವ ದನಿ ಗಟ್ಟಿಯಾಗಿರಬೇಕು, ಓದುವವರಿಗೆ ಆ ಮಾತುಗಳಲ್ಲಿ ನಂಬಿಕೆ ಇರಬೇಕು. ಸಾವಿರ ಜನ ಸೇರಿಸಿ, ಆರ್ಕೆಸ್ಟ್ರಾ ಇಟ್ಟು ಮಂತ್ರಮಾಂಗಲ್ಯ ಅಂತ ಕರೆದರೆ ಅದರ ಉದ್ದೇಶವೇ ಹೋಯಿತು.

ಕ್ಯಾಥೊಲಿಕರಿಗೆ ಆಯ್ಕೆಯ ಪ್ರಶ್ನೆ ಅಷ್ಟಾಗಿ ಇಲ್ಲ. ಸ್ವಂತ ಚರ್ಚಿನ ಪಾದ್ರಿಗಳನ್ನು ತಿಂಗಳುಗಳ ಮುಂಚೆ ಕಾಣಬೇಕು, ಮದುವೆ ತಯಾರಿಯ ತರಗತಿ ಮುಗಿಸಬೇಕು, ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಿಸಬೇಕು. ನಿಕಾಹ್‌ ಆದರೆ ಕಾಜಿಯವರ ಜತೆ ವರ ವಧುವಿಗೆ ಕೊಡುವ ಮೆಹರ್ ಎಷ್ಟು, ಸಾಕ್ಷಿಗಳು ಯಾರು, ನಿಕಾಹ್‌ನಾಮದ ಪ್ರತಿ ಯಾವಾಗ ಸಿಗುತ್ತದೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

2. ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಲಿ

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವಧು ಅಥವಾ ವರ, ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ಶಾಸ್ತ್ರಗಳಂತೆ ಮದುವೆ ನಡೆಯಬೇಕು. ಆ ಶಾಸ್ತ್ರದಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಸಪ್ತಪದಿಯೇ ಇಲ್ಲದ ಸಮುದಾಯಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಧಾರೆ, ತಾಳಿ ಹೀಗೆ ಅವರವರ ರೂಢಿಯೇ ಸಾಕು. ಪುರೋಹಿತರು ಇಂಥ ಜಾತಿಯವರೇ ಆಗಿರಬೇಕು, ಗಂಡಸರೇ ಆಗಿರಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಪುಣೆಯ ಜ್ಞಾನ ಪ್ರಬೋಧಿನಿ ಹೆಂಗಸರಿಗೂ ಪೌರೋಹಿತ್ಯ ಕಲಿಸುತ್ತದೆ.

2024ರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಬಗ್ಗೆ ಖಡಾಖಂಡಿತವಾಗಿ ಹೇಳಿತು. ಶಾಸ್ತ್ರವನ್ನೇ ಮಾಡದೆ ಸರ್ಟಿಫಿಕೇಟ್ ಮಾತ್ರ ತೆಗೆದುಕೊಂಡರೆ ಅದು ಹಿಂದೂ ಮದುವೆ ಆಗುವುದಿಲ್ಲ. ಈಗ ನಮ್ಮ ಛತ್ರಗಳಲ್ಲಿ ಏನಾಗುತ್ತಿದೆ ನೋಡಿ. ತಾಳಿ ಕಟ್ಟಿದ ಮರುಕ್ಷಣ ಅಕ್ಷತೆ ಹಾಕಿದವರೆಲ್ಲ ಸ್ಟೇಜ್ ಹತ್ತುತ್ತಾರೆ. ಉಡುಗೊರೆ, ಕೈಕುಲುಕುವುದು, ಫೋಟೊ. ಸಪ್ತಪದಿ ಇರುವ ಮನೆಗಳಲ್ಲಿ ಅದು ಆ ನೂಕುನುಗ್ಗಲಿನ ಮಧ್ಯೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಕೆಲವು ಕಡೆ ಹೋಮಕುಂಡದ ಪಕ್ಕ ಯಾರೂ ಇರುವುದಿಲ್ಲ, ಊಟದ ಹಾಲ್‌ನಲ್ಲಿ ಇರುತ್ತಾರೆ. ನನ್ನ ಮಟ್ಟಿಗೆ ಒಳ್ಳೆಯ ಪುರೋಹಿತರ ಮೊದಲ ಗುಣ ಇದೇ: ಹೋಮ, ಸಪ್ತಪದಿಯ ಆ ಹೊತ್ತನ್ನು ಯಾರಿಗೂ ಬಿಟ್ಟುಕೊಡದೆ ಕಾಯುವವರು. ಮುಂದೆ ಹೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಗುಣ ಇದೆಯಾ ಅಂತ ತಿಳಿಯುವುದಕ್ಕೇ.

ವಯಸ್ಸಿನ ದಾಖಲೆ ಕೇಳುವ ಪುರೋಹಿತರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಬಾಲ್ಯವಿವಾಹ ಮಾಡಿಸಿದವರಿಗೆ 2006ರ ಕಾಯ್ದೆಯಲ್ಲಿ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕೇಳುವವರೇ ಜವಾಬ್ದಾರಿಯವರು.

ಒಬ್ಬರು ಹಿಂದೂ, ಇನ್ನೊಬ್ಬರು ಮುಸ್ಲಿಮರೋ ಕ್ರೈಸ್ತರೋ ಆದರೆ ಪುರೋಹಿತರ ಮಂತ್ರದಿಂದ ಮಾತ್ರ ಕಾನೂನಿನ ಕೆಲಸ ಮುಗಿಯುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ವಿವಾಹ ಅಧಿಕಾರಿಗೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲೊಬ್ಬರು ಅದಕ್ಕೂ ಮುಂಚೆ ಕನಿಷ್ಠ 30 ದಿನ ವಾಸವಿದ್ದಿರಬೇಕು. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ ಶುರು. ಇದನ್ನು ಮುಗಿಸಿಕೊಂಡು ಮನೆಯಲ್ಲಿ ಬೇಕಾದ ಶಾಸ್ತ್ರ ಮಾಡಿಕೊಳ್ಳಿ.

3. ಛತ್ರಕ್ಕಿಂತ ಮೊದಲು ಪುರೋಹಿತರನ್ನು ಕೇಳಿ

ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇಡುವುದಿಲ್ಲ. ಗುರು, ಶುಕ್ರ ಗ್ರಹಗಳು ಸೂರ್ಯನ ಹತ್ತಿರ ಬಂದು ಕಾಣದಾಗುವ ಅಸ್ತ ಬಂದರೆ ಆ ದಿನಗಳೂ ಹೋದವು. ಉಳಿದ ದಿನಗಳಲ್ಲೇ ಇಡೀ ಊರಿನ ಮದುವೆ ಆಗಬೇಕು. ಅದಕ್ಕೇ ವೈಶಾಖದ ಒಂದು ಒಳ್ಳೆಯ ಭಾನುವಾರ ಒಬ್ಬರೇ ಪುರೋಹಿತರಿಗೆ ನಾಲ್ಕು ಮನೆಯಿಂದ ಫೋನ್ ಬರುತ್ತದೆ.

ಪಂಚಾಂಗದ ವಿಷಯವೂ ಇದೆ. ಮೈಸೂರು ಕಡೆ ಒಂಟಿಕೊಪ್ಪಲ್ ಪಂಚಾಂಗ ನೋಡಿದರೆ ಮಾಧ್ವರ ಮನೆಗಳಲ್ಲಿ ಅವರವರ ಮಠದ ಪಂಚಾಂಗ. ಕರಾವಳಿಯಲ್ಲಿ ಸೌರಮಾನದ ತಿಂಗಳು ನೋಡುತ್ತಾರೆ. ನೀವು ಒಬ್ಬ ಜೋಯಿಸರ ಹತ್ತಿರ ದಿನ ಇಡಿಸಿಕೊಂಡು, ಛತ್ರಕ್ಕೆ ಮುಂಗಡ ಕೊಟ್ಟು, ಆಮೇಲೆ ಬೇರೆ ಪುರೋಹಿತರ ಮನೆಗೆ ಹೋದರೆ ಅವರು 'ಈ ಲಗ್ನ ನಮಗೆ ಬರಲ್ಲವಲ್ಲ' ಅನ್ನಬಹುದು. ಮದುವೆ ಮಾಡಿಸುವವರ ಕೈಯಲ್ಲೇ ಎರಡು ಮೂರು ದಿನಗಳನ್ನು ಬರೆಸಿಕೊಂಡು, ಆ ಚೀಟಿ ಹಿಡಿದು ಛತ್ರ ಹುಡುಕಲು ಹೋಗಿ.

ಯಾರು ಒಳ್ಳೆಯವರು ಅಂತ ತಿಳಿಯುವುದು ಹೇಗೆ? ಮನೆಯ ಶ್ರಾದ್ಧ, ಗೃಹಪ್ರವೇಶ ಮಾಡಿಸುವವರು ಇದ್ದರೆ ಮೊದಲು ಅವರನ್ನೇ ಕೇಳಿ. ಅವರಿಗೆ ಮದುವೆ ಮಾಡಿಸಿ ರೂಢಿ ಇಲ್ಲದಿದ್ದರೂ ಸರಿಯಾದವರನ್ನು ಹೇಳುತ್ತಾರೆ. ದೇವಸ್ಥಾನದ ಅರ್ಚಕರನ್ನು ವಿಚಾರಿಸಬಹುದು, ಆದರೆ ಅರ್ಚಕರೆಲ್ಲ ಮದುವೆ ಮಾಡಿಸುವವರಲ್ಲ. ಫೋನಿನಲ್ಲಿ ಬುಕ್ ಮಾಡುವ ಸೇವೆಗಳಲ್ಲೂ ಒಳ್ಳೆಯವರು ಸಿಗುತ್ತಾರೆ. ಅಲ್ಲಿ ಒಂದೇ ಎಚ್ಚರ: ಬರುವವರು ಯಾರು ಅಂತ ಹೆಸರು ಹಿಡಿದು ಕೇಳಿ, ಅವರ ಜತೆ ನೀವೇ ಮಾತಾಡದೆ ದುಡ್ಡು ಕಟ್ಟಬೇಡಿ.

ಸಾಧ್ಯವಾದರೆ ಅವರು ಮಾಡಿಸುತ್ತಿರುವ ಮದುವೆಯೊಂದನ್ನು ಅರ್ಧ ಗಂಟೆ ನಿಂತು ನೋಡಿ. ಮಂತ್ರ ಬಿಡಿಬಿಡಿಯಾಗಿ ಕೇಳುತ್ತದಾ? ಗಾಬರಿಯಾದ ಹುಡುಗನಿಗೆ 'ಬಲಗೈ ಮೇಲಿಡು, ಹಾಂ, ಹಾಗೇ' ಅಂತ ಮೆಲ್ಲಗೆ ಹೇಳುತ್ತಾರಾ, ಮೈಕಿನಲ್ಲಿ ಗದರುತ್ತಾರಾ? ಸಹಾಯಕ್ಕೆ ಬಂದ ಹುಡುಗನನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಇಷ್ಟು ನೋಡಿದರೆ ಬೇರೆ ಶಿಫಾರಸು ಬೇಕಿಲ್ಲ.

4. ಮನೆಗೆ ಹೋಗಿ ಕೂತು ಮಾತಾಡಿ

ಎಲೆ ಅಡಿಕೆ, ಹಣ್ಣು ಹಿಡಿದು ಮನೆಗೇ ಹೋಗಿ. ಹುಡುಗ ಹುಡುಗಿಯೂ ಜತೆಗಿರಲಿ. ಮದುವೆ ಅವರದ್ದು, ಪ್ರಶ್ನೆಗಳೂ ಅವರಿಗೇ ಜಾಸ್ತಿ.

ನೀವು ಕೇಳುವುದಕ್ಕಿಂತ ಮೊದಲು ಅವರು ಏನು ಕೇಳುತ್ತಾರೆ ಅಂತ ಗಮನಿಸಿ. ಗೋತ್ರ, ಸೂತ್ರ, ಮನೆದೇವರು, ಧಾರೆ ಎರೆಯುವವರು ಯಾರು, ಮನೆಯಲ್ಲಿ ಬಿಡದೆ ನಡೆಸಿಕೊಂಡು ಬಂದ ಶಾಸ್ತ್ರ ಯಾವುದು ಅಂತ ವಿಚಾರಿಸುವವರು ನಿಮ್ಮ ಮದುವೆಯನ್ನು ನಿಮ್ಮ ಮದುವೆಯಾಗಿ ನೋಡುತ್ತಾರೆ. ಇದ್ಯಾವುದನ್ನೂ ಕೇಳದೆ 'ಎಲ್ಲ ನಮಗೆ ಬಿಡಿ' ಅಂದರೆ ಇನ್ನೊಂದು ಮನೆ ನೋಡಿ.

ಸಮಯದ ಬಗ್ಗೆ ಬಿಡಿಸಿ ಕೇಳಿ. ಒಂದು ಉದಾಹರಣೆ ಕೊಡುತ್ತೇನೆ. ಲಗ್ನಪತ್ರಿಕೆಯಲ್ಲಿ '9-15ರಿಂದ 10-30ರ ಒಳಗೆ ಸಲ್ಲುವ ಮಿಥುನ ಲಗ್ನದಲ್ಲಿ' ಅಂತ ಅಚ್ಚಾಗುವುದಿದೆ ಅಂದುಕೊಳ್ಳಿ. ಹುಡುಗಿಯ ತಾಯಿಗೂ ಪುರೋಹಿತರಿಗೂ ನಡೆಯಬೇಕಾದ ಮಾತು ಹೀಗಿರುತ್ತದೆ:

"ಶಾಸ್ತ್ರಿಗಳೇ, ಹತ್ತೂವರೆಗೆ ಲಗ್ನ ಮುಗಿಯುತ್ತೆ. ಅಷ್ಟರಲ್ಲಿ ಎಲ್ಲ ಆಗುತ್ತಾ?"

"ಎಲ್ಲ ಆಗಲ್ಲಮ್ಮ. ಲಗ್ನದ ಒಳಗೆ ಆಗಬೇಕಾದ್ದು ಧಾರೆ, ಮಾಂಗಲ್ಯಧಾರಣೆ. ಲಾಜಹೋಮ, ಸಪ್ತಪದಿ ಆಮೇಲೆ ನಿಧಾನಕ್ಕೆ ಮಾಡೋಣ. ಅದಕ್ಕೆ ಮುಕ್ಕಾಲು ಗಂಟೆ ನನಗೆ ಬಿಟ್ಟುಕೊಡಿ. ಆ ಹೊತ್ತಲ್ಲಿ ಫೋಟೊ ಅಂತ ಹುಡುಗೀನ ಎಬ್ಬಿಸಬೇಡಿ."

"ಬಂದವರು ಕಾಯ್ತಾರಾ?"

"ಅವರಿಗೆ ತಿಂಡಿ ಕೊಡಿ, ಕಾಯ್ತಾರೆ. ಬೇಕಿದ್ದರೆ ನಾನೇ ಮೈಕಲ್ಲಿ ಹೇಳ್ತೀನಿ."

ಹೀಗೆ ಹೇಳಬಲ್ಲವರು ಸಿಕ್ಕರೆ ಅವರನ್ನು ಬಿಡಬೇಡಿ.

ಅರ್ಥ ಹೇಳುತ್ತೀರಾ ಅಂತಲೂ ಕೇಳಿ. ಉದ್ದ ಉಪನ್ಯಾಸ ಬೇಡ. ಋಗ್ವೇದದವರ ಸಪ್ತಪದಿಯಲ್ಲಿ ಮೊದಲ ಹೆಜ್ಜೆಗೆ 'ಇಷ ಏಕಪದೀ ಭವ' ಅನ್ನುತ್ತಾರೆ, ಅದು ಅನ್ನಕ್ಕಾಗಿ. ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಮಕ್ಕಳಿಗೆ, ಆರನೆಯದು ಋತುಗಳಿಗೆ. ಏಳನೇ ಹೆಜ್ಜೆಗೆ 'ಸಖಾ ಸಪ್ತಪದೀ ಭವ', ಅಂದರೆ ನನ್ನ ಗೆಳತಿಯಾಗು. ಒಂದೊಂದು ಹೆಜ್ಜೆಗೆ ಒಂದು ವಾಕ್ಯ ಕನ್ನಡದಲ್ಲಿ ಹೇಳಿದರೆ ಒಟ್ಟು ಎರಡು ನಿಮಿಷ ಹೆಚ್ಚಾಗಬಹುದು. ಆ ಎರಡು ನಿಮಿಷದಲ್ಲಿ ಇಡೀ ಛತ್ರ ಸುಮ್ಮನಾಗಿ ಕೇಳುವುದನ್ನು ನೋಡಿದ್ದೇನೆ.

ಅದೇ ದಿನ ಬೇರೆ ಮದುವೆ ಒಪ್ಪಿಕೊಂಡಿದ್ದಾರಾ ಅಂತ ಸಂಕೋಚವಿಲ್ಲದೆ ವಿಚಾರಿಸಿ. ಬೆಳಗಿನ ಲಗ್ನ ಒಂದು ಕಡೆ, ನಡುಮಧ್ಯಾಹ್ನದ ಅಭಿಜಿನ್ ಲಗ್ನ ಇನ್ನೊಂದು ಕಡೆ ಅಂತ ಓಡುವವರಿದ್ದಾರೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದು ಆಗದ ಮಾತು. ಅವರಿಗೆ ಸೂತಕ ಬಂದರೆ ಬದಲಿಗೆ ಯಾರು ಬರುತ್ತಾರೆ ಅನ್ನುವುದೂ ಗೊತ್ತಿರಲಿ. ಆ ಬದಲಿಯವರ ಹೆಸರು, ನಂಬರ್ ಬರೆದುಕೊಳ್ಳಿ. ನಿಮ್ಮ ಮನೆಯ ಕಡೆಯ ಸೂತಕಕ್ಕೂ ಇದೇ ಹೊತ್ತಿನಲ್ಲಿ ಉತ್ತರ ಕೇಳಿಟ್ಟುಕೊಳ್ಳಿ. ಮದುವೆಗೆ ಮುಂಚೆ ಪಿತೃಗಳನ್ನು ನೆನೆದು ಮಾಡುವ ನಾಂದಿ ಆದಮೇಲೆ ಸೂತಕ ಮದುವೆಗೆ ಅಡ್ಡಿಯಲ್ಲ ಅನ್ನುವುದು ರೂಢಿ. ಅದಕ್ಕೇ ನಾಂದಿಯನ್ನು ಯಾವತ್ತು, ಎಲ್ಲಿ ಇಡಬೇಕು ಅನ್ನುವುದು ಸಣ್ಣ ವಿಷಯವಲ್ಲ.

5. ಧಾರೆ ಎರೆಯುವವರು ಯಾರು?

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿ ಎಷ್ಟೋ ತಾಯಂದಿರು ನೋಯುತ್ತಾರೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಓದಿಸಿ, ಸಾಲ ಮಾಡಿ ಮದುವೆಗೆ ನಿಂತ ತಾಯಿಯನ್ನು ಧಾರೆಯ ಹೊತ್ತಿಗೆ 'ನೀವು ಸ್ವಲ್ಪ ಆಕಡೆ ಕೂತ್ಕೊಳ್ಳಿ' ಅನ್ನುವುದು ಸರಿಯೇ? ಚಿಕ್ಕಪ್ಪ ಚಿಕ್ಕಮ್ಮನಿಂದ ಧಾರೆ ಎರೆಸುವುದು ನಿಮ್ಮ ಮನೆಯವರಿಗೆ ಒಪ್ಪಿಗೆಯಾದರೆ ಹಾಗೇ ಮಾಡಿ. ತಾಯಿಯೇ ಎರೆಯಬೇಕು ಅಂತ ಮಗಳಿಗೆ ಮನಸ್ಸಿದ್ದರೆ ಪುರೋಹಿತರನ್ನು ಮೊದಲ ಭೇಟಿಯಲ್ಲೇ ಕೇಳಿ. ಒಪ್ಪುವವರಿದ್ದಾರೆ. ತಾಯಿಯನ್ನು ಕೂರಿಸಿ ಮಾಡಿಸುವ ಹಿರಿಯ ಶಾಸ್ತ್ರಿಗಳೂ ಇದ್ದಾರೆ. ಒಪ್ಪದವರ ಜತೆ ಜಗಳ ಬೇಡ, ಒಪ್ಪುವವರನ್ನು ಹುಡುಕಿ. ಇದಕ್ಕೆ ಕಾನೂನಿನ ತೊಡಕೂ ಇಲ್ಲ. 2024ರಲ್ಲೇ ಅಲಹಾಬಾದ್ ಹೈಕೋರ್ಟ್ ಹಿಂದೂ ವಿವಾಹ ಕಾಯ್ದೆಯಡಿ ಕನ್ಯಾದಾನ ಅತ್ಯಗತ್ಯ ಶಾಸ್ತ್ರವಲ್ಲ ಅಂತ ಹೇಳಿದೆ.

ಕನ್ಯಾದಾನವೇ ಬೇಡ ಅನ್ನುವ ಹುಡುಗಿಯರು, ಎರಡನೇ ಮದುವೆಯವರು, ಜಾತಿ ಬೇರೆಯಾದವರು ಕೂಡ ಇದೇ ಕ್ರಮದಲ್ಲಿ ಮೊದಲ ದಿನವೇ ಎಲ್ಲ ಹೇಳಿಬಿಡುವುದು ಒಳ್ಳೆಯದು. ಮುಚ್ಚಿಟ್ಟು ಮಂಟಪದಲ್ಲಿ ಗೊತ್ತಾದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

6. ಸಂಭಾವನೆ ಮತ್ತು ಸಾಮಾನು ಪಟ್ಟಿ

ಸಂಭಾವನೆ ಊರಿಂದ ಊರಿಗೆ, ಜನದಿಂದ ಜನಕ್ಕೆ ಬೇರೆ. ಅದರಲ್ಲಿ ಏನೇನು ಸೇರಿದೆ ಅಂತ ತಿಳಿದುಕೊಳ್ಳಿ. ನಾಂದಿ, ವರಪೂಜೆ, ಧಾರೆ, ಹೋಮ, ನಾಗವಲ್ಲಿ, ಮರುದಿನದ ಸತ್ಯನಾರಾಯಣ ಪೂಜೆ ಎಲ್ಲ ಒಂದೇ ಲೆಕ್ಕವಾ? ಸಹಾಯಕ್ಕೆ ಬರುವವರಿಗೆ ಬೇರೆ ಕೊಡಬೇಕಾ? ಓಡಾಟದ ಖರ್ಚು ಯಾರದ್ದು? ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿಟ್ಟರೆ ಸಾಕು. ಮಂಟಪದಲ್ಲಿ ನಿಂತು ಚೌಕಾಸಿ ಮಾಡುವುದು ಎರಡೂ ಕಡೆಗೆ ಶೋಭೆಯಲ್ಲ. ದೂರದ ಊರಿಂದ ಬರುವವರಿಗೆ ಹಿಂದಿನ ರಾತ್ರಿ ಉಳಿಯಲು ಕೋಣೆ, ಬೆಳಗಿನ ಜಾವ ಸ್ನಾನಕ್ಕೆ ಬಿಸಿನೀರು ನೋಡಿಕೊಳ್ಳಿ. ಅವರು ಹಸಿದುಕೊಂಡೇ ಹೋಮ ಮುಗಿಸುತ್ತಾರೆ. ಅವರ ಊಟಕ್ಕೆ ಒಬ್ಬರನ್ನು ಗೊತ್ತು ಮಾಡಿ.

ಸಾಮಾನು ಅವರೇ ತಂದರೆ ನಿಮಗೆ ತಲೆನೋವು ಕಡಿಮೆ. ನೀವು ತರುವುದಾದರೆ ಪಟ್ಟಿಯನ್ನು ಹದಿನೈದು ದಿನ ಮುಂಚೆ ಇಸ್ಕೊಳ್ಳಿ. ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಯಾರೂ ಮರೆಯುವುದಿಲ್ಲ. ಮರೆತು ಹೋಗುವುದು ಲಾಜಹೋಮದ ಅರಳು, ಸಮಿತ್ತು, ದರ್ಭೆ, ಅಂತರಪಟಕ್ಕೆ ಬಟ್ಟೆ, ಜೀರಿಗೆ ಬೆಲ್ಲ, ಹುಡುಗಿ ಕಾಲಿಡುವ ಕಲ್ಲು. ಇವನ್ನು ಒಂದು ಬುಟ್ಟಿಗೆ ಹಾಕಿ, ಯಾರ ಜವಾಬ್ದಾರಿ ಅಂತ ಒಬ್ಬರ ಹೆಸರು ಹೇಳಿ ಒಪ್ಪಿಸಿ.

ಇನ್ನೊಂದು ಚೀಟಿ ನೀವು ಕೊಡಬೇಕು. ಎರಡೂ ಕಡೆಯ ಗೋತ್ರ, ತಂದೆ, ಅಜ್ಜ, ಮುತ್ತಜ್ಜನ ಹೆಸರು. ಧಾರೆಯ ಹೊತ್ತಿಗೆ ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಅಂತ ಹೇಳಬೇಕಾಗುತ್ತದೆ. ಮುತ್ತಜ್ಜನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ, ಮಂಟಪದಿಂದ ಊರಿಗೆ ಫೋನ್ ಹೋಗುವುದು ಈಗ ಮಾಮೂಲಾಗಿದೆ. ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ವಾರ ಮೊದಲೇ ತಲುಪಿಸಿ.

7. ಛತ್ರದವರು, ಫೋಟೊದವರು, ಪುರೋಹಿತರು

ಈ ಮೂವರ ನಡುವೆ ಮದುವೆಗೆ ಮೊದಲು ಒಮ್ಮೆಯಾದರೂ ಮಾತಾಗಬೇಕು. ಎಸಿ ಹಾಲ್‌ಗಳಲ್ಲಿ ಹೋಮದ ಹೊಗೆಗೆ ಬಿಡುವುದಿಲ್ಲ, ಬಿಟ್ಟರೂ ಚಿಕ್ಕ ಕುಂಡ ಅನ್ನುತ್ತಾರೆ. ಇದನ್ನು ಮುಂಗಡ ಕೊಡುವ ಮೊದಲೇ ಕೇಳಿ. ಪುರೋಹಿತರಿಗೆ ಕಾಲರ್ ಮೈಕ್ ಕೊಡಿಸಿ. ಧಾರೆಯ ಹೊತ್ತಿಗೆ ವಾಲಗ ಯಾವಾಗ ಏರಬೇಕು, ಯಾವಾಗ ನಿಲ್ಲಬೇಕು ಅಂತ ಅವರ ಕೈಸನ್ನೆ ನೋಡಲು ವಾಲಗದವರಿಗೆ ಹೇಳಿ. ಫೋಟೊದವರು ಮಂಟಪದ ಯಾವ ಬದಿ ನಿಲ್ಲಬೇಕು ಅನ್ನುವುದನ್ನು ಪುರೋಹಿತರೇ ತೋರಿಸಲಿ. 'ಸ್ವಾಮಿ, ತಾಳಿ ಇನ್ನೊಂದ್ಸಲ ಕಟ್ಟಿಸಿ, ಫೋಟೊ ಸರಿ ಬರ್ಲಿಲ್ಲ' ಅನ್ನುವ ಮಾತಿಗೆ ಆಸ್ಪದ ಇರಬಾರದು.

8. ಹೊರದೇಶದಲ್ಲಿ ಮದುವೆಯಾದರೆ

ಅಮೆರಿಕದಲ್ಲಿ ಮದುವೆಗೆ ಮೊದಲು ಸ್ಥಳೀಯ ಕ್ಲರ್ಕ್ ಕಚೇರಿಯಿಂದ ಮ್ಯಾರೇಜ್ ಲೈಸೆನ್ಸ್ ತೆಗೆದುಕೊಳ್ಳಬೇಕು. ಮದುವೆ ಮಾಡಿಸಿದವರು ಅದಕ್ಕೆ ಸಹಿ ಹಾಕಿ ವಾಪಸ್ ಕಳಿಸುವುದು ಸಾಮಾನ್ಯ ಕ್ರಮ. ಯಾರು ಸಹಿ ಹಾಕಬಹುದು ಅನ್ನುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಊರಿನಿಂದ ಮನೆ ಪುರೋಹಿತರನ್ನು ಕರೆಸಿಕೊಳ್ಳುವ ಆಸೆ ಇದ್ದರೆ ಅವರ ಸಹಿ ನಡೆಯುತ್ತದಾ ಅಂತ ಕ್ಲರ್ಕ್ ಕಚೇರಿಯಲ್ಲೇ ವಿಚಾರಿಸಿ. ನಡೆಯದಿದ್ದರೆ ಅಲ್ಲಿನ ದೇವಸ್ಥಾನದ ಪುರೋಹಿತರನ್ನು ಜತೆಗೆ ಕೂರಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಹಾಲ್ ಒಂದರಲ್ಲಿ ಪುರೋಹಿತರು ಮಾಡಿಸಿದ ಮದುವೆ ಅಷ್ಟರಿಂದಲೇ ಕಾನೂನುಬದ್ಧವಾಗುವುದಿಲ್ಲ. ರಿಜಿಸ್ಟರ್ ಆಫೀಸಿನ ಕೆಲಸವನ್ನು, 28 ದಿನದ ನೋಟಿಸ್ ಸೇರಿಸಿ, ಬೇರೆಯಾಗಿ ಮುಗಿಸಿಕೊಳ್ಳಬೇಕು.

9. ಮದುವೆ ಮುಗಿದ ಮೇಲೆ

ನೋಂದಣಿಯನ್ನು ಮುಂದೂಡಬೇಡಿ. ಕರ್ನಾಟಕದಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಗುತ್ತದೆ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಮದುವೆಯ ಫೋಟೊ, ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಸಿದ್ಧವಿರಲಿ. ಮಂತ್ರಮಾಂಗಲ್ಯದವರು ಯಾವ ಕಾಯ್ದೆಯಡಿ ನೋಂದಾಯಿಸುವುದು ಅಂತ ಮದುವೆಗೆ ಮೊದಲೇ ಕಚೇರಿಯಲ್ಲಿ ಕೇಳಿಕೊಂಡರೆ ಆಮೇಲೆ ಓಡಾಟ ತಪ್ಪುತ್ತದೆ.

ಮಾಂಗಲ್ಯಧಾರಣೆಯ ಒಂದು ಫೋಟೊ ಎಲ್ಲರೂ ಇಟ್ಟಿರುತ್ತಾರೆ. ಸಪ್ತಪದಿಯದ್ದೂ ಒಂದು ಇರಲಿ, ಇಬ್ಬರ ಮುಖವೂ ಹೋಮಕುಂಡವೂ ಕಾಣುವಂತೆ. ಕೆಲವು ಕಡೆ ವೀಸಾ ಅರ್ಜಿಗೆ, ಕೋರ್ಟಿನ ಕೆಲಸಕ್ಕೆ ಇವೆಲ್ಲ ಕೇಳುತ್ತಾರೆ. ಲಗ್ನಪತ್ರಿಕೆಯ ಮೂರು ನಾಲ್ಕು ಪ್ರತಿಗಳ ಜತೆ ಇವನ್ನು ಒಂದು ಕವರಿಗೆ ಹಾಕಿ, ಮದುವೆ ಮಾಡಿಸಿದವರ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರನ್ನು ಕವರಿನ ಮೇಲೆ ಬರೆದಿಡಿ.